‘ಹೇರ್’ (1979): ಕ್ಲಾಡ್ ಬದಲು ಬರ್ಗರ್ ವಿಮಾನ ಹತ್ತಿದ್ದು ಸರಿಯಾ?

ಕೆರೆದಂಡೆ

ಕೊನೆ ಗೊತ್ತಾದರೆ ನೋಡೋ ಮಜಾ ಹೋಗುತ್ತೆ ಅನ್ನುವವರು ಇಲ್ಲಿಂದಲೇ ವಾಪಸ್ ಹೋಗಿ. ನಾನು ಮಾತೆತ್ತುತ್ತಿರುವುದೇ ಮಿಲೋಶ್ ಫೋರ್ಮನ್ ನಿರ್ದೇಶನದ ‘ಹೇರ್’ ಸಿನಿಮಾದ ಕೊನೆ ಭಾಗದ ಬಗ್ಗೆ.

ನೋಡದವರಿಗೆ ಚುಟುಕಾಗಿ ಕಥೆ. ವಿಯೆಟ್ನಾಂ ಯುದ್ಧದ ಕಾಲ. ಒಕ್ಲಹೋಮಾದ ಹಳ್ಳಿ ಹುಡುಗ ಕ್ಲಾಡ್ ಬುಕೋವ್ಸ್ಕಿಗೆ ಸೇನೆಯಿಂದ ಕರೆ ಬಂದಿದೆ. ಹಾಜರಾಗುವ ಮುಂಚೆ ನ್ಯೂಯಾರ್ಕ್ ಒಂದು ಸುತ್ತು ನೋಡಿಬಿಡೋಣ ಅಂತ ಬಸ್ಸು ಹತ್ತುತ್ತಾನೆ. ಸೆಂಟ್ರಲ್ ಪಾರ್ಕಿನಲ್ಲಿ ಬರ್ಗರ್ ಎಂಬ ಉದ್ದಗೂದಲಿನ ಪುಂಡ ಸಿಗುತ್ತಾನೆ. ಅವನ ಜೊತೆ ಹಡ್, ವೂಫ್, ಬಸುರಿ ಜೀನಿ. ಮನೆಮಠ ಇಲ್ಲದ ಈ ಗುಂಪು ಹುಡುಗನನ್ನು ತನ್ನೊಳಗೆ ಎಳೆದುಕೊಳ್ಳುತ್ತೆ. ಕುದುರೆ ಮೇಲೆ ಬಂದ ಸಿರಿವಂತರ ಮಗಳು ಶೀಲಾ ಮೇಲೆ ಅವನಿಗೆ ಮನಸ್ಸಾಗುತ್ತೆ. ಇಷ್ಟೆಲ್ಲ ಆದಮೇಲೂ ಅವನು ಸೇನೆಗೆ ಹೋಗೇ ಹೋಗುತ್ತಾನೆ. ತರಬೇತಿ ನೆವಾಡಾದಲ್ಲಿ. ಗೆಳೆಯರು ನ್ಯೂಯಾರ್ಕಿನಿಂದ ಕಾರು ಓಡಿಸಿಕೊಂಡು ಅಷ್ಟು ದೂರ ಬಂದರೂ ಶಿಬಿರದೊಳಕ್ಕೆ ಬಿಡುವುದಿಲ್ಲ. ಕೊನೆಗೆ ಬರ್ಗರ್ ಕೂದಲು ಕತ್ತರಿಸಿಕೊಂಡು, ಸಮವಸ್ತ್ರ ಹಾಕಿಕೊಂಡು ಒಳಗೆ ನುಗ್ಗುತ್ತಾನೆ. ಕ್ಲಾಡ್ ಒಂದಷ್ಟು ಹೊತ್ತು ಶೀಲಾ ಜೊತೆ ಇದ್ದು ಬರಲಿ, ಅಲ್ಲಿತನಕ ಹಾಜರಿಗೆ ನಾನಿರ್ತೀನಿ ಅಂತ. ಅದೇ ಹೊತ್ತಿಗೆ ವಿಯೆಟ್ನಾಂಗೆ ಹೊರಡುವ ಹುಕುಂ ಬರುತ್ತೆ. ಕ್ಲಾಡ್ ಬದಲು ಬರ್ಗರ್ ಹೋಗಿ ಸಾಯುತ್ತಾನೆ.

ಮೂಲ ನಾಟಕದಲ್ಲಿ ಹೀಗಿಲ್ಲ. ಜೆರೋಮ್ ರಾಗ್ನಿ, ಜೇಮ್ಸ್ ರಾಡೋ ಬರೆದು, 1967ರಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನಲ್ಲಿ ಮೊದಲು ಆಡಿದ ನಾಟಕದಲ್ಲಿ ಯುದ್ಧಕ್ಕೆ ಹೋಗಿ ಸಾಯುವವನು ಕ್ಲಾಡ್‌ನೇ. ಫೋರ್ಮನ್ ಮತ್ತು ಚಿತ್ರಕಥೆಗಾರ ಮೈಕಲ್ ವೆಲ್ಲರ್ ಅದನ್ನು ಬದಲಾಯಿಸಿದರು. ನನ್ನ ಕಣ್ಣಿಗೆ ಇಡೀ ಸಿನಿಮಾ ನಿಂತಿರುವುದೇ ಈ ಬದಲಾವಣೆ ಮೇಲೆ. ಸೇನೆಗೆ ಬೇಕಿದ್ದದ್ದು ಒಂದು ತಲೆ. ಸಾಲಿನಲ್ಲಿ ಎಣಿಕೆ ಸರಿಹೋಯಿತಾ, ಮುಗೀತು. ಭಾಷಣವಿಲ್ಲದೆ ಇಷ್ಟು ಹೇಳಿದ ಯುದ್ಧವಿರೋಧಿ ಸಿನಿಮಾ ಇನ್ನೊಂದು ನನಗೆ ಹೊಳೀತಿಲ್ಲ. ನೀವೇನಂತೀರಿ?

ಹಳೇಟಾಕೀಸು

ನಾನು ಪೂರ್ತಿ ಉಲ್ಟಾ. ಫೋರ್ಮನ್ ದೊಡ್ಡ ನಿರ್ದೇಶಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಟಕದ ಜೀವ ಇದ್ದದ್ದು ಕ್ಲಾಡ್‌ನ ಹೊಯ್ದಾಟದಲ್ಲಿ. ರಂಗದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಬಂದು ಡ್ರಾಫ್ಟ್ ಕಾರ್ಡನ್ನು (ಕಡ್ಡಾಯ ಸೇನಾ ಭರ್ತಿಯ ನೋಂದಣಿ ಚೀಟಿ) ಬೆಂಕಿಗೆ ಹಾಕುತ್ತಾರೆ. ಕ್ಲಾಡ್ ಸರದಿ ಬಂದಾಗ ಕೈ ಹಿಂದಕ್ಕೆ ಬರುತ್ತೆ. ಅದೇನು ಹುಡುಗಾಟ ಆಗಿರಲಿಲ್ಲ. ಕಾರ್ಡ್ ಸುಡುವುದನ್ನು ಅಮೆರಿಕದ ಸಂಸತ್ತು 1965ರಲ್ಲೇ ಅಪರಾಧ ಅಂತ ಮಾಡಿತ್ತು, ಐದು ವರ್ಷದವರೆಗೆ ಜೈಲು. ಸುಟ್ಟರೆ ಜೈಲು, ಸುಡದಿದ್ದರೆ ವಿಯೆಟ್ನಾಂ, ಎರಡೂ ಬೇಡ ಅಂದರೆ ಗಡಿ ದಾಟಿ ಕೆನಡಾ. ಇವುಗಳ ಮಧ್ಯೆ ಯಾವುದನ್ನೂ ಆರಿಸಿಕೊಳ್ಳಲಾರದೆ ನಿಂತ ಹುಡುಗನನ್ನು ಯುದ್ಧ ತಾನಾಗಿ ಎತ್ತಿಕೊಂಡು ಹೋಗುತ್ತೆ. ಅವತ್ತು ಪ್ರೇಕ್ಷಕರಲ್ಲಿ ಕೂತಿದ್ದ ಎಷ್ಟೋ ಹುಡುಗರ ಜೇಬಲ್ಲೂ ಅದೇ ಕಾರ್ಡ್ ಇತ್ತು, ಮರೀಬೇಡಿ.

ಸಿನಿಮಾದಲ್ಲಿ ಏನಾಯಿತು? ಗೆಳೆಯನಿಗೆ ಉಪಕಾರ ಮಾಡಲು ಹೋಗಿ ಒಬ್ಬ ಸಿಕ್ಕಿಹಾಕಿಕೊಂಡ. ಹಳೇ ಕಂಪನಿ ನಾಟಕದ ವೇಷ ಅದಲುಬದಲು ಪ್ರಸಂಗದ ಹಾಗೆ. ಅದು ಗ್ರಹಚಾರ ಆಯಿತೇ ಹೊರತು ರಾಜಕೀಯ ಆಗಲಿಲ್ಲ. ಸಿನಿಮಾದ ಕ್ಲಾಡ್ ಯುದ್ಧದ ಬಗ್ಗೆ ಏನು ಯೋಚನೆ ಮಾಡ್ತಾನೆ ಅಂತ ಯಾರಾದರೂ ಹೇಳಿ ನೋಡೋಣ.

ರಾಗ್ನಿ, ರಾಡೋ ಇಬ್ಬರಿಗೂ ಸಿನಿಮಾ ಹಿಡಿಸಲಿಲ್ಲ. ಹಿಪ್ಪಿಗಳನ್ನು ಶಾಂತಿ ಚಳವಳಿಗೆ ಸಂಬಂಧವೇ ಇಲ್ಲದ ವಿಚಿತ್ರ ಜನರ ಹಾಗೆ ತೋರಿಸಿಬಿಟ್ಟಿದ್ದಾರೆ ಅನ್ನೋದು ಅವರ ದೂರು. ನನ್ನದೂ ಅದೇ.

ಗ್ರಹಗತಿ

ನೀವು ಕೊನೆ ಬಗ್ಗೆ ಜಗಳ ಆಡಿ. ನಾನಿನ್ನೂ ಮೊದಲನೇ ಹಾಡಲ್ಲೇ ಇದ್ದೀನಿ. ಚಂದ್ರ ಏಳನೇ ಮನೆಗೆ ಬಂದು, ಗುರು-ಕುಜ ಕೂಡಿದರೆ ಲೋಕಕ್ಕೆ ಶಾಂತಿ, ಕುಂಭ ಯುಗ ಶುರು ಅಂತೆ. ಸ್ವಾಮಿ, ಚಂದ್ರ ದಿನಕ್ಕೊಂದು ಸಲ ಏಳನೇ ಮನೆ ದಾಟಿಕೊಂಡೇ ಹೋಗ್ತಾನೆ. ಗುರು-ಕುಜ ಯುತಿ ಎರಡು ವರ್ಷ ಚಿಲ್ಲರೆಗೊಮ್ಮೆ ಆಗುತ್ತೆ. ಇಷ್ಟು ಹೊತ್ತಿಗೆ ಎಷ್ಟು ಸಲ ಶಾಂತಿ ಬಂದುಹೋಗಬೇಕಿತ್ತು ಲೆಕ್ಕ ಹಾಕಿ.

ಸೈಡ್‌ಬಿ

@ಗ್ರಹಗತಿ ಪಂಚಾಂಗ ತಪ್ಪಿದರೂ ಹಾಡು ಓಡಿತು 🙂 ಫಿಫ್ತ್ ಡೈಮೆನ್ಶನ್ ತಂಡದವರು ಇದನ್ನೂ ನಾಟಕದ ಕೊನೇ ಹಾಡನ್ನೂ ಜೋಡಿಸಿ ಹಾಡಿದ ರೆಕಾರ್ಡು 1969ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆರು ವಾರ ಮೊದಲನೇ ಸ್ಥಾನದಲ್ಲಿ ಕೂತಿತ್ತು. ಸಂಗೀತ ಗಾಲ್ಟ್ ಮ್ಯಾಕ್‌ಡರ್ಮಟ್ ಅವರದು. ಮಾಂಟ್ರಿಯಲ್‌ನವರು, ಕೇಪ್‌ಟೌನಿನಲ್ಲಿ ಓದಿದವರು. ಆಫ್ರಿಕದ ಲಯ ಕಿವಿಯಲ್ಲಿ ಕೂತಿತ್ತು. ಬರೀ ರಾಕ್ ಅಂದುಕೊಂಡು ಕೇಳಿದರೆ ಡ್ರಮ್ಸು, ಬೇಸ್ ಗಿಟಾರು ಮಾಡುವ ಕೆಲಸ ತಪ್ಪಿಹೋಗುತ್ತೆ.

ಸಿನಿಮಾದಲ್ಲಿ ಆ ಮೊದಲ ಹಾಡನ್ನು ಹಾಡುವವರು ರೆನ್ ವುಡ್ಸ್. ಕೂದಲ ತುಂಬ ಹೂವು, ಕ್ಯಾಮೆರಾ ಅವರ ಸುತ್ತ ಸುತ್ತುತ್ತಲೇ ಇರುತ್ತೆ. ಅದಕ್ಕಿಂತ ಕುದುರೆಗಳನ್ನು ನೋಡಿ. ಪಾರ್ಕಿಗೆ ಗಸ್ತು ಬಂದ ಪೊಲೀಸರ ಕುದುರೆಗಳು ಹಿಪ್ಪಿಗಳ ಕುಣಿತಕ್ಕೆ ಸರಿಯಾಗಿ ಕಾಲನ್ನು ಅಡ್ಡಡ್ಡ ಇಟ್ಟು ಹೆಜ್ಜೆ ಹಾಕ್ತವೆ. ಮೇಲೆ ಕೂತ ಪೊಲೀಸಪ್ಪನ ಮುಖದಲ್ಲಿ ಒಂದು ಗೆರೆ ಅಲುಗಲ್ಲ, ಕೆಳಗೆ ಸರ್ಕಾರಿ ಕುದುರೆ ಕುಣೀತಿದೆ! ನೃತ್ಯ ಸಂಯೋಜನೆ ಟ್ವೈಲಾ ಥಾರ್ಪ್. ಇಡೀ ಸಿನಿಮಾದಲ್ಲಿ ನನಗೆ ಅತಿ ರಾಜಕೀಯ ಅನಿಸಿದ್ದು ಆ ಕುದುರೆಗಳೇ.

ನ್ಯೂಜೆರ್ಸಿಗ

ನಾನು ನಾಟಕ ನೋಡಿದ್ದು 2009ರಲ್ಲಿ, ಬ್ರಾಡ್‌ವೇನ ಅಲ್ ಹಿರ್ಷ್‌ಫೆಲ್ಡ್ ಥಿಯೇಟರಿನಲ್ಲಿ. ಡಯಾನ್ ಪೌಲಸ್ ನಿರ್ದೇಶನದ ಮರುಪ್ರಯೋಗ. ಹಿಂದಿನ ವರ್ಷ ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಆಡಿ, ಜನ ಮುಗಿಬಿದ್ದ ಮೇಲೆ ಒಳಗೆ ತಂದಿದ್ದರು. ಆ ವರ್ಷ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯೂ ಬಂತು. ಕೊನೆಯಲ್ಲಿ ಕ್ಲಾಡ್‌ನ ಹೆಣ ಬಾವುಟದ ಮೇಲೆ ಮಲಗಿದೆ, ಹಾಡು ಮುಗೀತು. ಎರಡು ನಿಮಿಷಕ್ಕೆ ನಟರು ಪ್ರೇಕ್ಷಕರನ್ನೆಲ್ಲ ರಂಗದ ಮೇಲೆ ಕರೆದು ಕುಣಿಸಿದರು. ನಾನೂ ಹತ್ತಿದೆ. ಕೆಳಗಿಳಿಯುವಾಗ ಸಾವಿನ ಭಾರ ಮೈಮೇಲೆ ಉಳಿದೇ ಇರಲಿಲ್ಲ, ನಿಜ ಹೇಳ್ತೀನಿ. ಸಿನಿಮಾ ಮುಗಿದಾಗ ಹಾಗಾಗಲಿಲ್ಲ. ಈ ವಿಷಯದಲ್ಲಿ ನನ್ನ ಓಟು ಕೆರೆದಂಡೆ ಅವರಿಗೆ.

ಇನ್ನೊಂದು. ಶೀಲಾ ಮನೆ ಪಾರ್ಟಿ ನಡೆಯುವುದು ನಮ್ಮ ಶಾರ್ಟ್ ಹಿಲ್ಸ್‌ನಲ್ಲಿ. ಕರೆಯದೆ ಬಂದ ಬರ್ಗರ್ ಊಟದ ಮೇಜಿನ ಮೇಲೆ ಹತ್ತಿ, ಗ್ಲಾಸು ತಟ್ಟೆಗಳ ನಡುವೆ ಕುಣೀತಾ ಈ ತುದಿಯಿಂದ ಆ ತುದಿವರೆಗೆ ನಡೀತಾನೆ. ಮನೆಯವರು ಕೆಂಡಾಮಂಡಲ. ಒಬ್ಬ ಹೆಂಗಸು ಮಾತ್ರ ಖುಷಿಯಾಗಿ ಅವನ ಜೊತೆ ಕುಣಿಯಲು ಶುರುಮಾಡುತ್ತಾಳೆ. ಈಗ ಆ ಊರಿನ ಆಸುಪಾಸು ನಮ್ಮವರೂ ಬೇಕಾದಷ್ಟು ಇದ್ದಾರೆ. ನಮ್ಮ ಗೃಹಪ್ರವೇಶದ ಊಟಕ್ಕೆ ಒಬ್ಬ ಬರ್ಗರ್ ಬಂದರೆ ಏನಾಗಬಹುದು ಅಂತ ಯೋಚಿಸಿ ನಗು ಬಂತು.

ಧಾರವಾಡ_ಫೇಡಾ

ನೋಡ್ರಿ, ಬರ್ಗರ್ ಹೋದ್ನೋ ಕ್ಲಾಡ್ ಹೋದ್ನೋ ಅಂತ ಎಲ್ಲಾರೂ ಕಿತ್ತಾಡಾಕತ್ತೀರಿ. ಆ ಕೂಸಿನ ಕೈ ಹಿಡಕೊಂಡು ಬಂದ ಹೆಣ್ಮಗಳ ಸುದ್ದಿ ಯಾರೂ ಎತ್ತವಲ್ಲಿರಿ.

ಹಡ್‌ಗ ಮೊದಲ ಒಂದು ಸಂಬಂಧ ಇರ್ತದ, ಒಬ್ಬ ಸಣ್ಣ ಮಗನೂ ಅದಾನ. ಎಲ್ಲಾ ಬಿಟ್ಟು, ಹೆಸರು ಸುದ್ದಾ ಬದಲು ಮಾಡಿಕೊಂಡು ಈ ಗುಂಪಿನ್ಯಾಗ ಸೇರ್ಯಾನ. ಆಕಿ ಹುಡಿಕ್ಕೊಂಡು ಬರ್ತಾಳ. ಇವ ಬೈದು ಕಳಸ್ತಾನ. ಆಕಿ ಹಿಮ ಬಿದ್ದ ಬೀದ್ಯಾಗ ನಿಂತು ಹಾಡ್ತಾಳ. ಚೆರಿಲ್ ಬಾರ್ನ್ಸ್ ಅಂತ ಹಾಡಿದಾಕಿ. ಕುಣಿತ ಇಲ್ಲ, ಗದ್ದಲ ಇಲ್ಲ, ಬರೇ ಮುಖ. ಪರದೇಶದ ಮಂದಿ ಸಂಕಟಕ್ಕ ಕಣ್ಣೀರು ಹಾಕೋರಿಗೆ ಎದುರಿಗೆ ನಿಂತವರು ಯಾಕ ಕಾಣಂಗಿಲ್ಲ ಅನ್ನೋದು ಆಕಿ ಪ್ರಶ್ನೆ. ಶಾಂತಿ, ಪ್ರೀತಿ ಅಂತ ಎರಡು ತಾಸು ಹಾಡೋ ಸಿನಿಮಾ ತನ್ನ ಮಂದೀಗೆ ತಾನೇ ಕಪಾಳಕ್ಕ ಹೊಡದಂಗ.

ಹಳೇಟಾಕೀಸು ಸರ್, ನೀವು ಉಪಕಾರ ಮಾಡಾಕ ಹೋಗಿ ಸಿಕ್ಕಿಬಿದ್ದ ಅಂದ್ರಿ. ಅದನ್ನ ಈ ಹಾಡಿನ ಬಾಜೂಕ ಇಟ್ಟು ನೋಡ್ರಿ. ಬರ್ಗರ್ ಸಿನಿಮಾದಾಗ ಎಲ್ಲೂ ಕುಂತು ವಿಯೆಟ್ನಾಂ ಬಗ್ಗೆ ದೊಡ್ಡ ಉಪನ್ಯಾಸ ಕೊಡಂಗಿಲ್ಲ. ಅಪ್ಪ-ಅವ್ವಗ ರೊಕ್ಕ ಕೇಳೋ ಉಡಾಳ. ಅಂಥಾಂವ ಎದುರಿಗಿದ್ದ ಒಬ್ಬ ಗೆಳ್ಯಾನ ಸಲುವಾಗಿ ತನ್ನ ಕೂದಲಾ ಕತ್ತರಿಸ್ಕೋತಾನ. ಸಿನಿಮಾದ ಹೆಸರೇ ಕೂದಲಾ, ಜೈಲಿನ್ಯಾಗ ಕೂದಲದ ಮ್ಯಾಲೆ ಅಷ್ಟುದ್ದ ಹಾಡು ಬ್ಯಾರೆ ಅದ. ಅದನ್ನ ಕೊಟ್ಟ ಅಂದ್ರ ಏನು ಕೊಟ್ಟ? ಆ ಹೆಣ್ಮಗಳು ಕೇಳಿದ ಪ್ರಶ್ನೆಗೆ ಬರ್ಗರ್ ಕೊಟ್ಟ ಉತ್ತರ ಅದ.

ಹಳೇಟಾಕೀಸು

@ಧಾರವಾಡ_ಫೇಡಾ ಒಳ್ಳೆ ಓದು, ಚಪ್ಪಾಳೆ. ಆದರೂ ಇದು ಬರ್ಗರ್ ಕಥೆ ಆಯಿತು. ಕ್ಲಾಡ್ ಎಲ್ಲಿ? ನನ್ನ ಪ್ರಶ್ನೆ ಹಾಗೇ ಇದೆ.

ಪಿಯುಸಿ_ಹಿಸ್ಟರಿ

ಮಧ್ಯೆ ಬಾಯಿ ಹಾಕ್ತಿದ್ದೀನಿ. ಹುಟ್ಟಿದ ತಾರೀಖಿನ ಲಾಟರಿ ಎತ್ತಿ ಸೇನೆಗೆ ಕರೀತಿದ್ದರು ಅಂತ ಓದಿದ್ದೆ. ಕ್ಲಾಡ್‌ನ ಹೆಸರು ಹಾಗೇ ಬಂದಿದ್ದಾ?

ಅಂಚೆಪೆಟ್ಟಿಗೆ

ಇಲ್ಲಪ್ಪ, ಲಾಟರಿ ಶುರುವಾಗಿದ್ದು 1969ರ ಡಿಸೆಂಬರ್ 1ರಂದು. ಗಾಜಿನ ಜಾಡಿಯಲ್ಲಿ 366 ನೀಲಿ ಪ್ಲಾಸ್ಟಿಕ್ ಡಬ್ಬಿ, ಒಂದೊಂದರಲ್ಲಿ ಒಂದು ತಾರೀಖು. ಟೀವಿಯಲ್ಲಿ ನೇರಪ್ರಸಾರ. ಮೊದಲು ಬಂದದ್ದು ಸೆಪ್ಟೆಂಬರ್ 14. ಆವತ್ತು ಹುಟ್ಟಿದ ಹುಡುಗರ ಮನೆಯಲ್ಲಿ ಆ ರಾತ್ರಿ ಊಟ ಇಳಿದಿರಲಿಕ್ಕಿಲ್ಲ.

ಈ ಕಥೆ ಅದಕ್ಕೂ ಮುಂಚಿನದು. ಆಗ ಊರೂರಿಗೆ ಒಂದು ಡ್ರಾಫ್ಟ್ ಬೋರ್ಡ್, ಅದರಲ್ಲಿ ಊರಿನ ದೊಡ್ಡವರು. ಯಾರನ್ನು ಕಳಿಸಬೇಕು, ಯಾರಿಗೆ ಸದ್ಯಕ್ಕೆ ವಿನಾಯಿತಿ ಅನ್ನೋದು ಅವರ ಕೈಯಲ್ಲಿ. ಕಾಲೇಜಿನಲ್ಲಿ ಓದುತ್ತಿದ್ದರೆ ಮುಂದೂಡಿಕೆ ಸಿಗುತ್ತಿತ್ತು. ಓದು ಮುಂದುವರಿಸುವ ಶಕ್ತಿ ಇದ್ದವನು ಉಳಿದ, ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುವವನು ಹೋದ. ಕೆಲವರು ಎದೆಗೊಟ್ಟು ನಿಂತರು. ಬಾಕ್ಸರ್ ಮುಹಮ್ಮದ್ ಅಲಿ 1967ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಸೇರುವುದಿಲ್ಲ ಅಂದರು, ಪಟ್ಟ ಹೋಯಿತು, ಶಿಕ್ಷೆಯೂ ಆಯಿತು. 1971ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆ ರದ್ದು ಮಾಡಿತು. ಕಡ್ಡಾಯ ಭರ್ತಿ ನಿಂತಿದ್ದು 1973ರಲ್ಲಿ.

ಇದಕ್ಕೇ ಫೋರ್ಮನ್ ಮಾಡಿದ ಇನ್ನೊಂದು ಬದಲಾವಣೆ ಗಮನಿಸಬೇಕು. ನಾಟಕದ ಕ್ಲಾಡ್ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಹುಡುಗ, ಇಂಗ್ಲೆಂಡಿನವನು ಅಂತ ಬೊಗಳೆ ಬಿಡುವವನು. ಸಿನಿಮಾದ ಕ್ಲಾಡ್ ಒಕ್ಲಹೋಮಾದವನು. ಮೊದಲ ದೃಶ್ಯದಲ್ಲಿ ಬೆಳಗಿನ ಜಾವ ಅಪ್ಪ ಮಗ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಾರೆ. ಇಬ್ಬರಿಗೂ ಮಾತು ಬರುವುದಿಲ್ಲ. ಹಳೇಟಾಕೀಸು ಅವರು ಕೇಳಿದರಲ್ಲ, ಕ್ಲಾಡ್ ಏನು ಯೋಚಿಸುತ್ತಾನೆ ಅಂತ. ಆ ಮನೆಯ ಹುಡುಗನಿಗೆ ಕರೆ ಬಂದರೆ ಹೋಗುವುದು ಯೋಚಿಸಿ ಮಾಡುವ ಕೆಲಸವೇ ಅಲ್ಲ. ಶೀಲಾ ಮನೆಯ ಪಾರ್ಟಿಯಲ್ಲಿದ್ದ ಸೂಟು ಹಾಕಿದ ಹುಡುಗರನ್ನು ಯಾವ ಬೋರ್ಡೂ ನೆವಾಡಾಗೆ ಕಳಿಸುವಂತೆ ಕಾಣುವುದಿಲ್ಲ. ಸಿನಿಮಾ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇವರಿಬ್ಬರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸುತ್ತೆ.

ಕೆರೆದಂಡೆ

@ಅಂಚೆಪೆಟ್ಟಿಗೆ ಇದು ಬೇಕಿತ್ತು, ಥ್ಯಾಂಕ್ಸ್ ಸರ್.

ಫೋರ್ಮನ್ ಎಲ್ಲಿಂದ ಬಂದವರು ಅನ್ನೋದನ್ನೂ ಸೇರಿಸಬೇಕು. ಹುಟ್ಟಿದ್ದು 1932, ಚೆಕೊಸ್ಲೊವಾಕಿಯಾ. ತಾಯಿ ಆಶ್ವಿಟ್ಸ್‌ನಲ್ಲಿ ತೀರಿಕೊಂಡರು, ಬೆಳೆಸಿದ ತಂದೆಯೂ ನಾತ್ಸಿ ಶಿಬಿರದಲ್ಲೇ. 1967ರಲ್ಲಿ ನ್ಯೂಯಾರ್ಕಿಗೆ ಬಂದಿದ್ದಾಗ ಈ ನಾಟಕದ ಆರಂಭದ ಪ್ರದರ್ಶನಗಳಲ್ಲೇ ಒಂದನ್ನು ನೋಡಿ, ಸಿನಿಮಾ ಮಾಡಬೇಕು ಅಂತ ತಲೆಗೆ ಹೊಕ್ಕಿತ್ತು. ಮರುವರ್ಷ ಆಗಸ್ಟಿನಲ್ಲಿ ಪ್ರಾಗ್‌ಗೆ ಸೋವಿಯತ್ ಟ್ಯಾಂಕು ನುಗ್ಗಿದಾಗ ಅವರಿದ್ದದ್ದು ಪ್ಯಾರಿಸ್‌ನಲ್ಲಿ. ಆಮೇಲೆ ಅಮೆರಿಕವೇ ನೆಲೆ. ಆಸ್ಕರ್ ಗೆದ್ದ ಮೇಲಷ್ಟೇ ‘ಹೇರ್’ ಮಾಡಲು ಆಯಿತು.

ಹಾಗಾಗಿ ಹಿಪ್ಪಿಗಳನ್ನು ಅವರು ಒಳಗಿನವರ ಕಣ್ಣಿನಿಂದ ನೋಡಲಿಲ್ಲ, ಒಪ್ಪುತ್ತೇನೆ. ಆದರೆ ಪಟ್ಟಿಯಲ್ಲಿ ಹೆಸರು, ಸಾಲಿನಲ್ಲಿ ತಲೆ, ಒಯ್ಯುವವರಿಗೆ ಒಯ್ಯಲ್ಪಡುವವರ ಮುಖ ಬೇಡ ಅನ್ನುವುದು ಆ ಮನೆಯ ಮಗನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕ್ಯಾಮೆರಾ ಹಿಡಿದ ಮಿರೋಸ್ಲಾವ್ ಒಂಡ್ರಿಚೆಕ್ ಕೂಡ ಅದೇ ದೇಶದವರು. ಆ ವಿಮಾನದ ದೃಶ್ಯ ನೋಡಿ. ಸೈನಿಕರ ಸಾಲು ಸಾಲು ಕತ್ತಲ ಬಾಯೊಳಕ್ಕೆ ನಡೆದು ಹೋಗುತ್ತೆ, ಹೋದವರು ಕಾಣುವುದಿಲ್ಲ. ಬರ್ಗರ್ ಹೆದರಿ ಹಾಡುತ್ತಾನೆ. ಹಾಡುವುದು ಕ್ಲಾಡ್‌ನ ಹಾಡು: ದೇವರು ಕ್ಲಾಡ್‌ನನ್ನು ನಂಬುತ್ತಾನೆ, ಆ ಕ್ಲಾಡ್ ನಾನೇ ಅಂತ. ಟ್ರೀಟ್ ವಿಲಿಯಮ್ಸ್ ಅಲ್ಲಿ ನಟನೆ ಮಾಡುತ್ತಿದ್ದಾರೆ ಅಂತಲೇ ಅನಿಸುವುದಿಲ್ಲ.

ಸೈಡ್‌ಬಿ

ವಿಲಿಯಮ್ಸ್ 2023ರಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಅವತ್ತು ಎಲ್ಲರೂ ಹಂಚಿಕೊಂಡಿದ್ದು ಮೇಜಿನ ಮೇಲಿನ ಕುಣಿತವನ್ನು. ನನಗೆ ನೆನಪಾದದ್ದು ಈ ವಿಮಾನ.

ಒಂದು ತಮಾಷೆ: ಸಿನಿಮಾದಲ್ಲಿ ಸೈನಿಕರಿಗೆ ಭಾಷಣ ಬಿಗಿಯುವ ಜನರಲ್ ಯಾರು ಗೊತ್ತಾ? ನಿಕೋಲಸ್ ರೇ. 1955ರಲ್ಲಿ ಜೇಮ್ಸ್ ಡೀನ್‌ನನ್ನು ಇಟ್ಟುಕೊಂಡು ಅಪ್ಪ-ಅಮ್ಮನ ಮಾತು ಕೇಳದ ಹುಡುಗರ ಸಿನಿಮಾ ಮಾಡಿದ್ದ ನಿರ್ದೇಶಕ! ‘ಹೇರ್’ ಬಂದ ವರ್ಷವೇ, 1979ರ ಜೂನ್‌ನಲ್ಲಿ ತೀರಿಕೊಂಡರು.

ತುಂಗಾತೀರ

ನಮ್ಮ ಕಡೆ ಹಿಪ್ಪಿ ಅಂದರೆ ಗೋಕರ್ಣ, ಹಂಪಿಯ ವಿರೂಪಾಪುರ ಗಡ್ಡೆ, ಗಾಂಜಾ, ಅಷ್ಟೇ. ಯುದ್ಧಕ್ಕೂ ಅದಕ್ಕೂ ನಂಟಿದೆ ಅನ್ನೋದೇ ಈ ಸಿನಿಮಾ ನೋಡುವ ತನಕ ನನ್ನ ತಲೆಗೆ ಹೋಗಿರಲಿಲ್ಲ. ಪಾರ್ಕಿನಲ್ಲಿ ಹರೇ ಕೃಷ್ಣ ಭಜನೆ ಬಂದಾಗ ಮಾತ್ರ ಎದ್ದು ಕೂತೆ. ಅದನ್ನು ಸುಮ್ಮನೆ ಬಣ್ಣಕ್ಕೆ ಸೇರಿಸಿದ್ದಾರಾ?

ಅಂಚೆಪೆಟ್ಟಿಗೆ

ಸುಮ್ಮನೆ ಅಲ್ಲ. ಪ್ರಭುಪಾದರು ಹಡಗಿನಲ್ಲಿ ನ್ಯೂಯಾರ್ಕ್ ಸೇರಿದ್ದು 1965ರಲ್ಲಿ. ಮರುವರ್ಷ ಸೆಕೆಂಡ್ ಅವೆನ್ಯೂನ ಒಂದು ಖಾಲಿ ಅಂಗಡಿ ಮಳಿಗೆಯಲ್ಲಿ ಇಸ್ಕಾನ್ ಶುರು. ಹತ್ತಿರದ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನಲ್ಲಿ ಮರದಡಿ ಕೂತು ಭಜನೆ ಮಾಡುತ್ತಿದ್ದರು, ಹಿಪ್ಪಿಗಳು ಸುತ್ತ ಕೂರುತ್ತಿದ್ದರು, ಕವಿ ಅಲೆನ್ ಗಿನ್ಸ್‌ಬರ್ಗ್ ಕೂಡ. ನಾಟಕ ಹುಟ್ಟಿದ್ದು ಅದೇ ಬೀದಿಗಳಲ್ಲಿ, ಅದೇ ಹೊತ್ತಿನಲ್ಲಿ. ಗಿನ್ಸ್‌ಬರ್ಗ್ ಅವರ ಯುದ್ಧವಿರೋಧಿ ಕವಿತೆಯ ತುಣುಕುಗಳೂ ನಾಟಕದ ಒಂದು ಹಾಡಿಗೆ ಬಂದಿವೆ.

ನಮ್ಮ ದೇಶದಲ್ಲಿ ವಿಯೆಟ್ನಾಂ ಕೂಗು ಜೋರಾಗಿದ್ದದ್ದು ಕಲ್ಕತ್ತೆಯಲ್ಲಿ. ಅಲ್ಲಿನ ಅಮೆರಿಕನ್ ದೂತಾವಾಸ ಇರುವ ರಸ್ತೆಗೇ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಹೆಸರಿಟ್ಟರು. ಇವತ್ತಿಗೂ ಅವರ ವಿಳಾಸ ಅದೇ!

ಹಳೇಟಾಕೀಸು

ಇನ್ನೊಂದು ಮಾತು ಯಾರೂ ಎತ್ತಲಿಲ್ಲ: ಕಾಲ. ನಾಟಕ ಬಂದಾಗ ಯುದ್ಧ ನಡೀತಿತ್ತು, ಅದಕ್ಕೆ ಬೆಲೆ ತೆತ್ತಿತು. ಲಂಡನ್‌ನಲ್ಲಿ ನಾಟಕಗಳ ಸೆನ್ಸಾರ್ ಹೋಗುವ ತನಕ ಆಡಲು ಆಗಲಿಲ್ಲ. 1968ರ ಸೆಪ್ಟೆಂಬರ್ 26ಕ್ಕೆ ಸೆನ್ಸಾರ್ ಹೋಯಿತು, 27ಕ್ಕೆ ಪರದೆ ಎದ್ದಿತು. ಅಮೆರಿಕದ ಚಾಟನೂಗಾದಲ್ಲಿ ಊರಿನ ರಂಗಮಂದಿರ ಕೊಡುವುದಿಲ್ಲ ಅಂದದ್ದು ಸುಪ್ರೀಂ ಕೋರ್ಟ್ ತನಕ ಹೋಗಿ, 1975ರಲ್ಲಿ ನಾಟಕದ ಪರ ತೀರ್ಪು ಬಂತು. ಸಿನಿಮಾ ಬಂದದ್ದು 1979ರ ಮಾರ್ಚ್‌ನಲ್ಲಿ, ಸೈಗಾನ್ ಬಿದ್ದು ಯುದ್ಧ ಮುಗಿದು ಸುಮಾರು ನಾಲ್ಕು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ಯುದ್ಧ ಬೇಡ ಅನ್ನಲು ಯಾವ ಧೈರ್ಯ ಬೇಕಿತ್ತು? ಕ್ಲಾಡ್ ಆಗಿದ್ದ ಜಾನ್ ಸ್ಯಾವೇಜ್ ಅದಕ್ಕೆ ಕೆಲವೇ ತಿಂಗಳ ಹಿಂದೆ ಬಂದಿದ್ದ ಇನ್ನೊಂದು ವಿಯೆಟ್ನಾಂ ಸಿನಿಮಾದಲ್ಲಿ ಕಾಲು ಕಳೆದುಕೊಂಡ ಸೈನಿಕನಾಗಿದ್ದರು. ಅಂದರೆ ಅದಾಗಲೇ ಫ್ಯಾಶನ್ ಆಗಿತ್ತು.

ನ್ಯೂಜೆರ್ಸಿಗ

ತಡವಾಗಿ ಬಂದದ್ದೇ ಒಳ್ಳೇದಾಯ್ತು ಸರ್. 1968ರಲ್ಲಿ ಕೂದಲು, ಹೂವು, ಬೆತ್ತಲೆ ಅಂತ ಜನ ಗಲಾಟೆ ಮಾಡಿಕೊಂಡು ನೋಡಿದರು. 1979ರಲ್ಲಿ ಆ ಗಲಾಟೆ ಇಲ್ಲ, ಸತ್ತವರು ಮಾತ್ರ ಉಳಿದಿದ್ದರು. ವಾಷಿಂಗ್ಟನ್‌ನ ವಿಯೆಟ್ನಾಂ ಸ್ಮಾರಕದ ಕಪ್ಪು ಗೋಡೆಯಲ್ಲಿ 58,000ಕ್ಕೂ ಹೆಚ್ಚು ಹೆಸರಿವೆ. ಊರಿಂದ ಬಂದವರನ್ನೆಲ್ಲ ಕರಕೊಂಡು ಹೋಗಿ ತೋರಿಸ್ತೀನಿ. ಹೆಚ್ಚಿನವರು ಫೋಟೋ ತೆಗೆದು ಮುಂದಿನ ಜಾಗ ಯಾವುದು ಅಂತಾರೆ, ಅದು ಬೇರೆ ಮಾತು.

ತುಂಗಾತೀರ

ಒಂದು ಸಂಶಯ. ಬರ್ಗರ್ ಹೋದದ್ದು ಕ್ಲಾಡ್ ಹೆಸರಿನಲ್ಲಿ. ಆದರೆ ಕೊನೆಯಲ್ಲಿ ಆರ್ಲಿಂಗ್ಟನ್ ಸ್ಮಶಾನದ ಕಲ್ಲಿನ ಮೇಲೆ ಬರ್ಗರ್ ಹೆಸರೇ ಇದೆ. ಕೆರೆದಂಡೆ ಅವರ ಲೆಕ್ಕದಲ್ಲಿ ಸೇನೆಗೆ ಯಾರ ತಲೆ ಆದರೂ ಸರಿ ಅಲ್ವಾ? ಹಾಗಿದ್ದರೆ ಸರಿಯಾದ ಹೆಸರು ಹೇಗೆ ಬಂತು?

ಸೈಡ್‌ಬಿ

ಶಾರ್ಟ್ ಹಿಲ್ಸ್ ಗಲಾಟೆ ಆದಮೇಲೆ ಗುಂಪು ಜೈಲಿಗೆ ಹೋಗಿತ್ತಲ್ಲ, ಪೊಲೀಸರ ಹತ್ತಿರ ಬೆರಳಚ್ಚು ಇದ್ದೇ ಇರುತ್ತೆ. ಸೈನಿಕರ ಹೆಣ ಗುರುತಿಸಲು ಬೆರಳಚ್ಚು, ಹಲ್ಲು ನೋಡುತ್ತಿದ್ದರು.

ಕೆರೆದಂಡೆ

ಬೆರಳಚ್ಚಿನ ಮಾತು ಬೇಡ, ಅದಕ್ಕಿಂತ ಸುಲಭದ ದಾರಿ ಇದೆ. ಕ್ಲಾಡ್ ಬಾಯಿಬಿಟ್ಟಿರಬೇಕು. ಅವನು ವಾಪಸ್ ಬಂದಾಗ ಬ್ಯಾರಕ್ ಖಾಲಿ. ವಿಮಾನದ ಹಿಂದೆ ಓಡುತ್ತಾನೆ, ಸಿಗುವುದಿಲ್ಲ. ಆಮೇಲೆ ಅವನು ಯಾರೆಂದು ಯಾರಿಗೆ ಹೇಳಿಕೊಂಡ? ಹೇಳಿದರೆ ಶಿಬಿರ ಬಿಟ್ಟು ಹೋಗಿದ್ದಕ್ಕೆ ಶಿಕ್ಷೆ. ಹೇಳದಿದ್ದರೆ ಬರ್ಗರ್ ಕ್ಲಾಡ್ ಆಗಿಯೇ ಅಲ್ಲಿ ಉಳಿಯುತ್ತಾನೆ.

ಹಳೇಟಾಕೀಸು

ನೋಡಿ, ನೀವೇ ನನ್ನ ಜಾಗಕ್ಕೆ ಬಂದು ನಿಂತಿರಿ! ಕ್ಲಾಡ್ ಏನೋ ಒಂದನ್ನು ನಿಜವಾಗಿ ನಿರ್ಧಾರ ಮಾಡಬೇಕಾದದ್ದು ಆ ಕ್ಷಣದಲ್ಲಿ. ಫೋರ್ಮನ್ ಅದನ್ನೇ ಬಿಟ್ಟು ಸೀದಾ ಸ್ಮಶಾನಕ್ಕೆ, ಅಲ್ಲಿಂದ ವಾಷಿಂಗ್ಟನ್‌ನ ಜನಸಾಗರಕ್ಕೆ ಹಾರಿಬಿಟ್ಟರು. ಕೊನೆಯ ಹಾಡು ಅಷ್ಟು ಜೋರಾಗಿರುವುದರಿಂದ ನಾವು ಆ ಪ್ರಶ್ನೆ ಕೇಳೋದನ್ನೇ ಮರೆತುಬಿಡ್ತೀವಿ.

ಧಾರವಾಡ_ಫೇಡಾ

ಸರ್, ಈ ಮಾತಿಗೆ ನಂದೂ ಹೂಂ. ಸಮಾಧಿ ಮುಂದ ಎಲ್ಲಾರೂ ನಿಂತಾರ, ಹಡ್ ತನ್ನಾಕಿ ಮತ್ತ ಮಗನ ಜೋಡಿ ಬಂದಾನ, ಅಲ್ಲೊಂದು ಏನೋ ಸರಿಹೋಗೇತಿ. ಕ್ಲಾಡ್ ಬರ್ಗರ್‌ನ ಅವ್ವನ ಮುಂದ ಹೋಗಿ ಏನಂದ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಆಕಿ ಅವತ್ತು ಗಂಡನ ಕಣ್ಣು ತಪ್ಪಿಸಿ ಮಗಗ ರೊಕ್ಕ ಕೊಟ್ಟಾಕಿ. ಸಮಾಧಿ ಮುಂದ ನಾ ಹುಡಿಕಿದ್ದು ಆಕೀನ್ನ.